ಲೂರ್ದತ್ತೆಯ ಮೂರು ತಂತಿ

ನಮ್ಮ ಮನೆಯಲ್ಲಿ ಯಾರಿಗೆ ಯಾರ ಮೇಲೆ ಕೋಪ ಬಂದಿದೆ ಎಂಬುದು ಪಕ್ಕದ ಮನೆಗೆ ನಮಗಿಂತ ಮೊದಲೇ ಗೊತ್ತಾಗುತ್ತಿತ್ತು. ಹಾಗಂತ ನಾವು ಕೂಗಾಡುವ ಜನವೇನಲ್ಲ. ಶನಿವಾರ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ತಾತ ತನ್ನ ತಂತಿಪೆಟ್ಟಿಗೆಯನ್ನು ನಡುಮನೆಯ ಚಾಪೆಯ ಮೇಲೆ ಇಳಿಸಿ, ಎರಡು ಸಣ್ಣ ಕಡ್ಡಿಗಳಿಂದ ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಒಂದು ಸಲ ನುಡಿಸಿಕೊಂಡು ಹೋಗುತ್ತಿದ್ದ. ಎಲ್ಲ ಸ್ವರಗಳೂ ಒಪ್ಪವಾಗಿ ಬಂದು, ನಡುವೆ ಒಂದು ಮಾತ್ರ ಅಳುಮೋರೆ ಹಾಕಿಕೊಂಡು ಬಂತು ಅನ್ನಿ, ಗೋಡೆಯ ಆಚೆಯಿಂದ ಶಾಂತಮ್ಮನವರ ದನಿ ಕೇಳುತ್ತಿತ್ತು.

"ಏನ್ರೀ ಚೌರಪ್ಪನೋರೇ, ಚಿನ್ನೂಗೆ ಇವತ್ತು ಯಾರ್ ಬೈದ್ರು?"

ಚಿನ್ನು ನನ್ನ ಅಣ್ಣ. ಅವನಿಗೆ ಗಾಳಿಪಟದ ವಿಷಯಕ್ಕೆ ಅಪ್ಪ ಬೈದಿರುತ್ತಿದ್ದದ್ದೂ, ಆ ಸಿಟ್ಟಿಗೆ ಅವನು ತನ್ನ ತಂತಿಗಳಿಗೆ ಶ್ರುತಿ ಮಾಡದೆ ಎದ್ದು ಹೋಗಿರುತ್ತಿದ್ದದ್ದೂ ನಿಜವೇ ಆಗಿರುತ್ತಿತ್ತು. ಶಾಂತಮ್ಮನವರದು ಮಠಕ್ಕೆ ನಡೆದುಕೊಳ್ಳುವ ಮನೆತನ, ಯಜಮಾನರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಅವರು ನಮ್ಮ ಸಂಸಾರದ ಆರೋಗ್ಯವನ್ನು ಗೋಡೆಯ ಮೂಲಕ ವಿಚಾರಿಸಿಕೊಳ್ಳುತ್ತಿದ್ದರು. ಎರಡು ಮನೆಗೂ ಒಂದೇ ಗೋಡೆ. ನಮ್ಮ ಕಡೆ ಅದರಲ್ಲಿ ದೇವಮಾತೆಯ ಪಟ, ಅವರ ಕಡೆ ಶಿವಪೂಜೆಯ ಗೂಡು.

ಬನ್ನಿಮಂಟಪದ ಮೈದಾನದ ಹಿಂದಿನ ಬೀದಿಯಲ್ಲಿತ್ತು ನಮ್ಮ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಎಡಕ್ಕೆ ಅತ್ತೆಯ ಹೊಲಿಗೆ ಮಿಷನ್ ಇದ್ದ ಕೋಣೆ, ಹಿಂದೆ ಅಡುಗೆಮನೆ. ಇಷ್ಟರಲ್ಲೇ ನಾವು ಆರು ಜನ. ದಸರಾ ಬಂದರೆ ಪಂಜಿನ ಕವಾಯತು ನೋಡುವ ನೆಪದಲ್ಲಿ ನೆಂಟರೆಲ್ಲ ಬಂದು ತುಂಬಿಕೊಳ್ಳುತ್ತಿದ್ದರು; ಮೈದಾನದಲ್ಲಿ ತಾಲೀಮು ನಡೆಸುವ ಬ್ಯಾಂಡಿನ ಸದ್ದು ಹಗಲೆಲ್ಲ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಆ ವಾರಗಳಲ್ಲಿ ತಾತನಿಗೆ ತಲೆನೋವು. "ಅವರ ಶ್ರುತಿಯೇ ಬೇರೆ, ನಮ್ಮದೇ ಬೇರೆ" ಎಂದು ಕಿಟಕಿ ಮುಚ್ಚಿಸುತ್ತಿದ್ದ. ಸೆಖೆಗೆ ಬೆವರಿದ ನೆಂಟರು ಕಿಟಕಿ ತೆರೆಯುತ್ತಿದ್ದರು. ನನಗೆ ಎರಡೂ ಇಷ್ಟ. ನಗು ಬರುವುದಕ್ಕೆ ನಮ್ಮ ಮನೆಯಲ್ಲಿ ಕಾರಣ ಹುಡುಕಬೇಕಾಗಿರಲಿಲ್ಲ.

ತಾತ ಮರಕ್ಕೆ ಪಾಲಿಶ್ ಮಾಡುವವನು. ಚರ್ಚಿನ ಬೆಂಚು, ಬೀರು, ಪೀಠಗಳೆಲ್ಲ ಅವನ ಕೈಯಲ್ಲೇ ಹೊಳಪು ಕಂಡವು. ಅಲ್ಲಿದ್ದ ಹೊರದೇಶದ ವಯಸ್ಸಾದ ಪಾದ್ರಿ ಸ್ವಾಮಿಗಳೊಬ್ಬರು ತಮ್ಮ ಊರಿಗೆ ಹಿಂದಿರುಗುವಾಗ ಈ ವಾದ್ಯವನ್ನು ತಾತನಿಗೆ ಕೊಟ್ಟು ಹೋದರು. ಅದು ಆಕಾರದಲ್ಲಿ ಮೊರದ ಹಾಗೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಮೇಲೆಲ್ಲ ಅಡ್ಡಡ್ಡ ತಂತಿಗಳು, ತುದಿಯಲ್ಲಿ ಸಾಲು ಸಾಲು ಕಬ್ಬಿಣದ ಬಿರಡೆಗಳು. ಅಮ್ಮ ಅದನ್ನು ಕೊನೆಯವರೆಗೂ "ಮಾವನ ಮೊರ" ಎಂದೇ ಕರೆದಳು. ಶಾಂತಮ್ಮನವರ ಯಜಮಾನರು ಒಂದು ಸಲ ಬಂದು ನೋಡಿ, ಇದು ಸಂತೂರ್, ಸಂತೂರ್ ಅಂದರೆ ನೂರು ತಂತಿ ಎಂದು ಅಪ್ಪಣೆ ಕೊಡಿಸಿದರು. ತಾತ ಅವರೆದುರಿಗೇ ಎಣಿಸಿದ. ಅರವತ್ತನ್ನೂ ಮುಟ್ಟಲಿಲ್ಲ. "ಉಳಿದಿದ್ದು ಸ್ವಾಮಿಗಳ ಊರಲ್ಲೇ ಇರಬೇಕು" ಎಂದು ಅವರು ಕಾಫಿ ಕುಡಿದು ಹೋದರು. ಸ್ವಾಮಿಗಳು ಮಾತ್ರ ಅದಕ್ಕೆ ಡಲ್ಸಿಮರ್ ಎಂದು ಹೆಸರು ಹೇಳಿದ್ದರು. ಹೊರಡುವಾಗ ಇನ್ನೂ ಎರಡು ಮಾತು ಹೇಳಿದ್ದರಂತೆ. ಒಂದು, ಈ ಹೆಸರಿಗೆ ಹಳೆಯ ಲ್ಯಾಟಿನ್ನು ಗ್ರೀಕುಗಳಲ್ಲಿ ಸಿಹಿಯಾದ ಹಾಡು ಎಂದು ಅರ್ಥ. ಇನ್ನೊಂದು, ಇದನ್ನು ನುಡಿಸುವವನ ಅರ್ಧ ಆಯುಷ್ಯ ಶ್ರುತಿ ಮಾಡುವುದರಲ್ಲೇ ಹೋಗುತ್ತದೆ. ಮೊದಲನೆಯ ಮಾತಿಗೆ ಅಜ್ಜಿ ಒಂದು ತಟ್ಟೆ ಬೆಲ್ಲ ತಂದಿಟ್ಟಳು. ಎರಡನೆಯ ಮಾತಿಗೆ ತಾತ ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡ.

ನಮ್ಮ ಮನೆಯ ಪದ್ಧತಿ ಶುರುವಾದದ್ದು ಹೀಗೆ. ಈ ವಾದ್ಯದಲ್ಲಿ ಒಂದೊಂದು ಸ್ವರಕ್ಕೂ ಮೂರು ಮೂರು ತಂತಿ. ಮೂರೂ ಒಂದೇ ದನಿಯಲ್ಲಿ ನುಡಿದರೆ ಮಾತ್ರ ಸ್ವರ. ಅಷ್ಟೊಂದು ತಂತಿಗಳನ್ನು ಒಬ್ಬನೇ ತಿರುಗಿಸುತ್ತ ಕೂತರೆ ಪಾಲಿಶ್ ಕೆಲಸಕ್ಕೆ ಹೋಗುವುದು ಯಾವಾಗ? ತಾತ ಸ್ವರಗಳನ್ನು ಮನೆಯವರಿಗೆ ಹಂಚಿಬಿಟ್ಟ. ನೀರು ಸೇದುವುದು, ರಾಗಿ ಬೀಸುವುದು ಹೇಗೋ ಹಾಗೆ ಇದೂ ಮನೆಗೆಲಸ. ಬಿರಡೆ ತಿರುಗಿಸುವ ಕೀಲಿ ಇದ್ದದ್ದು ಒಂದೇ. ಅದು ಕೈಯಿಂದ ಕೈಗೆ ಹೋಗುತ್ತಿತ್ತು. ತಾತ ಸಣ್ಣ ಪೀಪಿಯೊಂದನ್ನು ಊದಿ ತನ್ನ ಸ್ವರ ಹಿಡಿಯುತ್ತಿದ್ದ. ಅದಕ್ಕೆ ಹೊಂದಿಸಿಕೊಂಡು ಒಬ್ಬೊಬ್ಬರೂ ತಮ್ಮ ತಮ್ಮ ತಂತಿ ಸರಿಮಾಡಿಕೊಂಡು, ತಟ್ಟೆಯಿಂದ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಟ್ಟುನಿಟ್ಟಿನ ನಿಯಮ ಒಂದೇ ಒಂದು. ಇನ್ನೊಬ್ಬರ ಬಿರಡೆಗೆ ಕೀಲಿ ಹಾಕಕೂಡದು. ಎರಡು ಕೈ ಬಿದ್ದ ತಂತಿ ಯಾರ ಮಾತನ್ನೂ ಕೇಳುವುದಿಲ್ಲ ಎಂದು ತಾತ ಹೇಳುತ್ತಿದ್ದ. ಅಜ್ಜಿ ತೀರಿಕೊಂಡ ಮೇಲೂ ಅವಳ ಸ್ವರಗಳನ್ನು ಅವನು ಯಾರಿಗೂ ಕೊಡಲಿಲ್ಲ. ಕೀಲಿಯನ್ನು ಎಡಗೈಗೆ ಬದಲಾಯಿಸಿಕೊಂಡು, "ಇದು ನಿಮ್ಮಜ್ಜಿ ಕೈ" ಎಂದು ಹೇಳಿ ಅವನೇ ತಿರುಗಿಸುತ್ತಿದ್ದ. ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ನಗುತ್ತಿರಲಿಲ್ಲ.

ಮಕ್ಕಳಿಗೆ ಪ್ರಥಮ ಪರಮಪ್ರಸಾದ, ಅಂದರೆ ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ಶಾಸ್ತ್ರ, ಆದ ವರ್ಷ ಒಂದು ಸ್ವರ ಸಿಗಬೇಕು ಎಂಬುದು ರೂಢಿ. ಅಣ್ಣನಿಗೆ ಸಿಕ್ಕಿತ್ತು. ನನಗೂ ಬಿಳಿ ಫ್ರಾಕು, ಮೇಣದ ಬತ್ತಿ, ಹೂವಿನ ಕಿರೀಟ ಎಲ್ಲ ಆಯಿತು, ಆದರೆ ಹಂಚುವುದಕ್ಕೆ ಸ್ವರವೇ ಉಳಿದಿರಲಿಲ್ಲ. ನನಗೆ ಕೊಟ್ಟ ಕೆಲಸ ಬೆಲ್ಲದ ತಟ್ಟೆ ಹಿಡಿದುಕೊಂಡು ಸುತ್ತ ಹೋಗುವುದು. ಎಲ್ಲರೂ ನನ್ನ ಕೆನ್ನೆ ತಟ್ಟಿ ಬೆಲ್ಲ ತೆಗೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆನ್ನೆ ತಟ್ಟಿಸಿಕೊಳ್ಳುವವಳಾಗಿ ಇರುವುದಕ್ಕಿಂತ ಕೀಲಿ ಹಿಡಿಯುವವಳಾಗಬೇಕು ಎಂಬ ಹಟ ನನ್ನಲ್ಲಿ ಬೇರು ಬಿಟ್ಟದ್ದು ಆ ತಟ್ಟೆಯಿಂದಲೇ. ಮುಂದೆ ಶಾಲೆಯಲ್ಲಿ ಮೇಡಂ ಆದ ಮೇಲೂ ನಾನು ಯಾವ ಮಗುವಿನ ಕೆನ್ನೆಯನ್ನೂ ತಟ್ಟಲಿಲ್ಲ.

ನನ್ನ ಉರಿ ಅರ್ಥವಾಗಿದ್ದದ್ದು ಲೂರ್ದತ್ತೆಗೆ ಒಬ್ಬಳಿಗೆ. ಅಪ್ಪನ ತಂಗಿ. ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು, ಹೊಲಿಯುತ್ತಲೇ ಹಾಡುತ್ತಿದ್ದಳು, ಹಾಡುತ್ತಲೇ ಜಗಳವಾಡುತ್ತಿದ್ದಳು. ಮೇಲಿನ ಸ ಅವಳದು. ವಾದ್ಯದ ತುತ್ತತುದಿಯ, ಎಲ್ಲಕ್ಕಿಂತ ತೆಳ್ಳಗಿನ ಮೂರು ತಂತಿ. ಆ ಮೂರನ್ನು ಒಪ್ಪಿಸುವುದು ಮನೆಯಲ್ಲೇ ಕಷ್ಟದ ಕೆಲಸ. ಕೂದಲೆಳೆಯಷ್ಟು ತಿರುಗಿಸಿದರೂ ಹೆಚ್ಚಾಗುತ್ತಿತ್ತು. ಅತ್ತೆ ನನ್ನ ಬೆರಳನ್ನು ಮರದ ಮೇಲೆ ಇಡಿಸಿ ತಂತಿ ಮೀಟುತ್ತಿದ್ದಳು.

"ಎರಡು ತಂತಿ ಒಪ್ದೆ ಇದ್ರೆ ಮಧ್ಯ ಒಂದು ಅಲೆ ಏಳತ್ತೆ ನೋಡು. ವಾಂ, ವಾಂ, ವಾಂ ಅಂತ. ಗೊತ್ತಾಯ್ತಾ ಬೆರಳಿಗೆ?"

"ಗೊತ್ತಾಯ್ತು ಅತ್ತೆ."

"ಅದು ನಿಲ್ಲೋವರ್ಗೂ ಬಿಡ್ಬಾರ್ದು. ನಿಂತ್ಮೇಲೆ ಮುಟ್ಬಾರ್ದು. ಇಷ್ಟೇ ವಿದ್ಯೆ."

ಲೂರ್ದತ್ತೆಗೆ ಮದುವೆ ಗೊತ್ತಾದ ಶನಿವಾರ ಮನೆಯಲ್ಲಿ ಹಬ್ಬವೋ ಹಬ್ಬ. ಶ್ರೀರಾಂಪುರದ ಗಂಡು, ಪ್ರೆಸ್ಸಿನಲ್ಲಿ ಕೆಲಸ, ಇನ್ನಾಸಪ್ಪ ಎಂದು ಹೆಸರು. ಆಗಿನ ಶ್ರೀರಾಂಪುರ ಅಂದರೆ ಊರ ಆಚೆ, ಹೊಲದ ನಡುವೆ ನಾಲ್ಕಾರು ಮನೆ. ಬನ್ನಿಮಂಟಪದಿಂದ ಹೋಗಬೇಕಾದರೆ ಎರಡು ಬಸ್ಸು ಬದಲಾಯಿಸಿ ಆಮೇಲೆ ನಡೆಯಬೇಕು. ಕ್ರಿಸ್ಮಸ್ ಕಳೆದ ಮೇಲೆ ಜನವರಿಯಲ್ಲಿ ಮದುವೆ ಎಂದು ಮಾತಾಯಿತು. ಗಂಡಿನ ಕಡೆಯವರು ಕೋಳಿಸಾರು, ಕಜ್ಜಾಯ ಉಂಡು, ವೀಳ್ಯ ಹಾಕಿಕೊಂಡು ಹೊರಟರು. ಸಂಜೆ ಜಪಸರ ಮುಗಿಸಿ ಎಂದಿನಂತೆ ಎಲ್ಲ ವಾದ್ಯದ ಸುತ್ತ ಕೂತೆವು. ಅತ್ತೆ ಕೆನ್ನೆ ಕೆಂಪಾಗಿಸಿಕೊಂಡು, ಯಾವತ್ತಿಗಿಂತಲೂ ಸರಸರ ತನ್ನ ತಂತಿ ತಿರುಗಿಸುತ್ತಿದ್ದಳು. ನಾನು ಬೆಲ್ಲದ ತಟ್ಟೆ ಹಿಡಿದು ಅವಳ ಕೈಯನ್ನೇ ನೋಡುತ್ತ ನಿಂತಿದ್ದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನ ಅಪ್ಪ ಒಳ್ಳೆಯವನು. ಸಂತೋಷ ಬಂದರೆ ಮಾತ್ರ ಅವನ ಬಾಯಿಗೆ ಬ್ರೇಕಿಲ್ಲ.

"ನೋಡ್ತಾ ನಿಂತ್ಬುಟ್ಟಿದೀಯಲ್ಲೇ ಪುಟ್ಟಿ! ತಗೋ, ಜನವರಿಯಿಂದ ಅತ್ತೆ ತಂತಿ ನಿಂದು. ಆಯ್ತಾ?"

ನಾನು ತಟ್ಟೆ ಸಮೇತ ಕುಣಿದೆ. ಬೆಲ್ಲ ಚಾಪೆಯ ತುಂಬ ಚೆಲ್ಲಿತು. ಅಣ್ಣ ಚಪ್ಪಾಳೆ ಹೊಡೆದ. ಆಮೇಲೆ ನೋಡಿದರೆ ಅತ್ತೆಯ ಕೈ ನಿಂತುಹೋಗಿದೆ. ಮೊದಲ ತಂತಿ ಮುಗಿದಿತ್ತು, ಎರಡನೆಯದು ಅರ್ಧಕ್ಕೆ. ಅವಳು ಕೀಲಿಯನ್ನು ಬಿರಡೆಯಿಂದ ತೆಗೆದು ಚಾಪೆಯ ಮೇಲಿಟ್ಟಳು.

"ಅಣ್ಣ, ನಾನಿನ್ನೂ ಇಲ್ಲೇ ಕೂತಿದೀನಿ ಕಣಣ್ಣ."

"ಕೂತಿದೀಯ, ಯಾರು ಇಲ್ಲ ಅಂದ್ರು? ಮದ್ವೆ ಆದ್ಮೇಲೆ ಅಂದೆ."

"ಮದ್ವೆ ಆದ್ಮೇಲೆ ನಾನೇನ್ ಸತ್ತೋಯ್ತೀನಾ? ಅಮ್ಮನ ತಂತೀನ ಅಪ್ಪ ಇವತ್ತಿಗೂ ಯಾರ್ಗೂ ಕೊಟ್ಟಿಲ್ಲ. ಸತ್ತೋರ್ದು ಜೋಪಾನ ಮಾಡ್ತೀರಿ, ಬದ್ಕಿರೋಳ್ದು ಹಂಚ್ಬುಟ್ರಿ!"

ಅಷ್ಟು ಹೇಳಿ ಎದ್ದು ಹೊಲಿಗೆ ಕೋಣೆಗೆ ಹೋದಳು. ಮಿಷನ್ನಿನ ಸದ್ದು ಶುರುವಾಯಿತು. ಅಪ್ಪ ತಾತನ ಮುಖ ನೋಡಿದ, ತಾತ ಸೂರು ನೋಡಿದ. ನಾನು ಬೆಲ್ಲ ಆರಿಸಿದೆ. ಅತ್ತೆಯ ತಂತಿ ಬೇಕು ಎಂದು ನಾನು ಹಂಬಲಿಸಿದ್ದೇನೋ ನಿಜ, ಆದರೆ ಅತ್ತೆಯಿಲ್ಲದ ಶನಿವಾರದ ಯೋಚನೆ ಅಲ್ಲಿಯವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ.

ಅತ್ತೆ ಮಾತು ಬಿಟ್ಟಳು ಅಂದುಕೊಳ್ಳಬೇಡಿ. ಅಪ್ಪನಿಗೆ ಬುತ್ತಿ ಕಟ್ಟಿದಳು, ಅಣ್ಣನ ಚಡ್ಡಿಗೆ ಗುಂಡಿ ಹಾಕಿದಳು, ಅಮ್ಮನ ಜೊತೆ ಕ್ರಿಸ್ಮಸ್ಸಿನ ಗೋದಲಿಗೆ ಹುಲ್ಲು ತಂದಳು. ಶನಿವಾರ ಮಾತ್ರ ಕೀಲಿ ತನ್ನ ಕೈಗೆ ಬಂದ ಕೂಡಲೇ, ಉಪ್ಪಿನ ಬಟ್ಟಲನ್ನು ಪಕ್ಕದವರಿಗೆ ದಾಟಿಸುವ ಹಾಗೆ ದಾಟಿಸಿಬಿಡುತ್ತಿದ್ದಳು. ಬೆಲ್ಲವನ್ನೂ ಮುಟ್ಟುತ್ತಿರಲಿಲ್ಲ. ಚಳಿಗಾಲದ ಒಣಗಾಳಿಗೆ ಅವಳ ಮೂರು ತಂತಿಗಳೂ ಮೂರು ದಿಕ್ಕಿಗೆ ಇಳಿದವು. ತಾತ ಕಡ್ಡಿ ಹಾಕಿದರೆ ಮೇಲಿನ ಸ ಜಾಗದಲ್ಲಿ ಬಾಣಲೆ ಬಿದ್ದ ಸದ್ದು. "ಲೂರ್ದೂಗೆ ಇನ್ನೂ ಹೋಗಿಲ್ವೇನ್ರೀ ಸಿಟ್ಟು?" ಎಂದು ಗೋಡೆ ಕೇಳುತ್ತಿತ್ತು.

ತೊಂದರೆ ಇದ್ದದ್ದು ಕ್ರಿಸ್ಮಸ್ಸಿನದು. ಪ್ರತಿ ವರ್ಷ ಹಬ್ಬದ ಬೆಳಗಿನ ಪೂಜೆಯಲ್ಲಿ ತಾತ ತಾನೇ ಕಟ್ಟಿದ ಒಂದು ಹಾಡನ್ನು ನುಡಿಸುತ್ತಿದ್ದ, ಇಡೀ ಚರ್ಚು ಹಾಡುತ್ತಿತ್ತು. ನಕ್ಷತ್ರ ಕಾಣಿಸುವ ಸಾಲಿನಲ್ಲಿ ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಸ ಮುಟ್ಟಿ ನಿಲ್ಲಬೇಕು. ಆ ಸ್ವರವೇ ಇಲ್ಲ ಅಂದರೆ ನಕ್ಷತ್ರ ಎಲ್ಲಿ ಹುಟ್ಟಬೇಕು? ತಾತ ಒಂದು ನಿಮಿಷ ಕೀಲಿ ಹಾಕಿ ಆ ಮೂರನ್ನು ಸರಿಮಾಡಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬೇರೆ ಯಾರ ಮನೆಯಲ್ಲಾದರೂ ಹಾಗೇ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಬಿರಡೆ ಮುಟ್ಟುವುದು ಬಿಟ್ಟು ಬೇರೆಲ್ಲ ಮಾಡಿದರು. ತಾತ ಹಾಡನ್ನೇ ತಗ್ಗಿಸಿ ನೋಡಿದ. ಕೆಳಗಿನ ಸ್ವರಗಳು ಸಾಲದೆ ಹೋದವು. ಅಣ್ಣ, ಆ ಜಾಗ ಬಂದಾಗ ನಾನು ಜೋರಾಗಿ ಕೆಮ್ಮುತ್ತೇನೆ ಎಂದ. ಅಪ್ಪ ಡಿಪೋದಿಂದ ಯಾವುದೋ ಕಬ್ಬಿಣದ ತುಂಡು ತಂದು ಟಣ್ಣೆನಿಸಿದ. ಅದು ನಿ ಎಂದಿತು. ಶಾಂತಮ್ಮನವರು ಅಂಗಡಿಯಿಂದ ತಂಬಿಗೆ, ಚೊಂಬು, ಪಂಚಪಾತ್ರೆಗಳನ್ನೆಲ್ಲ ತರಿಸಿ ನಮ್ಮ ಜಗಲಿಯ ಮೇಲೆ ಸಾಲಾಗಿ ಹರಡಿದರು. ಒಂದೊಂದನ್ನೂ ಸೌಟಿನಿಂದ ಬಡಿದು, ನೀರು ಹಾಕಿ, ನೀರು ಚೆಲ್ಲಿ, ಕೊನೆಗೆ ಒಂದು ಹಿತ್ತಾಳೆ ಚೊಂಬು ಅರ್ಧ ನೀರಿನಲ್ಲಿ ಸ ಎಂದೇಬಿಟ್ಟಿತು. ಅಪ್ಪ ಗೆದ್ದವನ ಹಾಗೆ ಅದನ್ನು ಎತ್ತಿ ಹಿಡಿದ.

"ಚೊಂಬು ಹೊತ್ಕೊಂಡು ಪೂಜೆಗೆ ಹೋದ್ರೆ ಜನ ಏನಂದ್ಕೊಂಡಾರು?" ಎಂದಳು ಅಮ್ಮ.

ಜಗಲಿಯಲ್ಲಿ ನಗು ಭುಗಿಲೆದ್ದಿತು. ಕೋಣೆಯೊಳಗೆ ಮಿಷನ್ ತುಳಿಯುತ್ತಿದ್ದ ಅತ್ತೆಯೂ ನಕ್ಕದ್ದು ನನಗೆ ಕೇಳಿಸಿತು. ಶಾಂತಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ಲಾ ಕಣ್ರೀ, ಒಂದು ತಿರುಪು ತಿರುಗ್ಸೋಕೆ ಇಷ್ಟೊಂದು ರಂಪಾನಾ?" ಎಂದರು. ತಾತ ತಲೆಯಾಡಿಸಿದ.

"ಅದು ಅವಳ್ದು ಕಣಮ್ಮ. ನಾನ್ ಮುಟ್ಟಂಗಿಲ್ಲ. ಆ ಸ್ವರ ಬಂದಾಗ ಕೈ ಎತ್ಬುಡ್ತೀನಿ. ಖಾಲಿ ಇರ್ಲಿ."

ಕ್ರಿಸ್ಮಸ್ಸಿಗೆ ನನ್ನ ಹೊಸ ಫ್ರಾಕಿನ ಅಂಚು ಮಡಿಸಲು ಅತ್ತೆ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುತ್ತ ತಿರುಗುತ್ತಿದ್ದಳು. ನಾನು ದಿನಗಟ್ಟಲೆ ಒಳಗೊಳಗೇ ಅಭ್ಯಾಸ ಮಾಡಿದ್ದ ಮಾತು ಹೊರಗೆ ಬಂತು.

"ಅತ್ತೆ, ನಂಗೆ ನಿನ್ ತಂತಿ ಬೇಡ."

ಅವಳು ಒಂದೊಂದಾಗಿ ಸೂಜಿಗಳನ್ನು ಬಾಯಿಂದ ತೆಗೆದಳು.

"ಸುಳ್ಳು ಹೇಳ್ಬೇಡ. ಬೇಕು ನಿಂಗೆ."

ನನಗೆ ಅಳು ಬಂತು. "ಬೇಕು. ಆದ್ರೆ ನೀನು ಹೋಗೋದು ಬೇಡ."

"ಬೇಕು ಅನ್ನೋದು ತಪ್ಪಲ್ಲ ಮರಿ. ನನ್ನ ಕೇಳ್ದೆ ಕೊಟ್ರಲ್ಲ, ಅದು ತಪ್ಪು. ಅಳ್ಬೇಡ, ಅಲ್ಲಾಡಿದ್ರೆ ಅಂಚು ಸೊಟ್ಟ ಆಗತ್ತೆ."

ಅಂಚು ಸೊಟ್ಟವೇ ಆಯಿತು. ಆ ಫ್ರಾಕನ್ನು ನಾನು ಚಿಕ್ಕದಾಗುವವರೆಗೂ ಹಾಕಿದೆ.

ಹಬ್ಬದ ಬೆಳಿಗ್ಗೆ ವಾದ್ಯವನ್ನು ಜಮಖಾನದಲ್ಲಿ ಸುತ್ತಿ ಟಾಂಗಾದಲ್ಲಿ ಇಟ್ಟುಕೊಂಡು ಹೋದೆವು. ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ತಾತ, ಅಪ್ಪ, ಅಣ್ಣ ಮುಂದೆ ಹಾಡುವವರ ಜೊತೆ. ನಾನು ಅಮ್ಮನಿಗೂ ಅತ್ತೆಗೂ ನಡುವೆ. ಶಾಂತಮ್ಮನವರೂ ರೇಷ್ಮೆ ಸೀರೆಯುಟ್ಟು, ವಿಭೂತಿ ಹಚ್ಚಿಕೊಂಡು ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರು. ಖಾಲಿ ಸ್ವರ ಹೇಗಿರುತ್ತದೋ ಕೇಳಬೇಕಂತೆ. ಹಾಡು ಶುರುವಾಯಿತು. ಮೊದಲ ಸಾಲು, ಎರಡನೆಯ ಸಾಲು, ಆಮೇಲೆ ನಕ್ಷತ್ರದ ಸಾಲು. ಸ್ವರಗಳು ಒಂದೊಂದೇ ಮೆಟ್ಟಿಲು ಏರುತ್ತ ಹೋದವು. ಪ ಆಯಿತು, ದ ಆಯಿತು, ನಿ ಆಯಿತು. ತಾತ ಎರಡೂ ಕಡ್ಡಿಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದ. ತಾಳ ತಪ್ಪಿದ ಜನವೂ ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಆ ನಿಶ್ಶಬ್ದದಲ್ಲಿ ನನ್ನ ಪಕ್ಕದಲ್ಲಿ ಒಂದು ದೀರ್ಘ ಉಸಿರು ಒಳಗೆ ಹೋದದ್ದು ನನ್ನ ಭುಜಕ್ಕೆ ತಿಳಿಯಿತು.

ಲೂರ್ದತ್ತೆ ಹಾಡಿದಳು. ಒಂದೇ ಸ್ವರ. ಮೇಲಿನ ಸ. ಕೂದಲೆಳೆಯಷ್ಟೂ ಆಚೆಈಚೆ ಇಲ್ಲದೆ, ತನ್ನ ಮೂರು ತಂತಿಯ ಜಾಗದಲ್ಲಿ ತಂದು ನಿಲ್ಲಿಸಿದಳು. ತಾತನ ಕಡ್ಡಿ ಅಲ್ಲಿಂದ ಕೆಳಗಿನ ಸ್ವರಕ್ಕೆ ಜಾರಿತು, ಹಾಡು ಮುಂದುವರಿಯಿತು. ಎರಡನೆಯ ಚರಣದಲ್ಲಿ ಅದೇ ಜಾಗ ಬಂದಾಗ ಯಾರೂ ಹಾಡಲಿಲ್ಲ. ಎಲ್ಲರೂ ಎಡಕ್ಕೆ ಕತ್ತು ತಿರುಗಿಸಿ ಅವಳಿಗಾಗಿ ಕಾದರು. ಅವಳು ಕೊಟ್ಟಳು. ಅಪ್ಪನ ಮುಖ ಕಂಡಿತು ನನಗೆ. ಅವನು ಹಾಡುವುದು ಬಿಟ್ಟು ಕಣ್ಣಿಗೆ ಧೂಳು ಬಿದ್ದವನ ಹಾಗೆ ಎರಡೂ ಮುಂಗೈಯಿಂದ ಒರೆಸಿಕೊಳ್ಳುತ್ತಿದ್ದ. ಕೊನೆಯ ಚರಣಕ್ಕೆ ಅತ್ತೆ ನನ್ನ ಕೈ ಅದುಮಿದಳು. ನಾನೂ ಅವಳ ಜೊತೆ ಸ ಎಂದೆ. ನನ್ನದು ಒಂದಿಷ್ಟು ಕೆಳಗಿತ್ತು. ಅವಳು ಕಾದಳು, ನಾನು ಏರಿದೆ, ನಡುವಿನ ಅಲೆ ನಿಂತಿತು. ನನ್ನ ಜೀವನದಲ್ಲಿ ಎಷ್ಟೋ ಸಂತೋಷ ಕಂಡಿದ್ದೇನೆ. ಆದರೆ ಸಂತೋಷ ಎಂಬ ಮಾತು ಕೇಳಿದರೆ ಇವತ್ತಿಗೂ ಮೊದಲು ನೆನಪಾಗುವುದು ಆ ಗಳಿಗೆ.

ಮನೆಗೆ ಬಂದು ಇನ್ನೂ ಊಟಕ್ಕೆ ಕೂತಿರಲಿಲ್ಲ. ಅಪ್ಪ ಬೆಲ್ಲದ ತಟ್ಟೆಯಲ್ಲಿ ಕೀಲಿ ಇಟ್ಟುಕೊಂಡು, ತಾಂಬೂಲ ಕೊಡುವವನ ಹಾಗೆ ಅತ್ತೆಯ ಎದುರಿಗೆ ನಿಂತ.

"ಲೂರ್ದು, ತಪ್ಪಾಯ್ತು. ನಿನ್ ತಂತಿ ನಿಂದೇ. ನೀನೆಲ್ಲಿದ್ರೂ ನಿಂದೇ. ಶನಿವಾರ ನೀನು ಬಂದ್ರೆ ನುಡಿಯತ್ತೆ, ಬರ್ದೆ ಇದ್ರೆ ಖಾಲಿ ಇರತ್ತೆ. ಇನ್ಯಾರೂ ಮುಟ್ಟಲ್ಲ."

ಅತ್ತೆ ಕೀಲಿ ತೆಗೆದುಕೊಂಡಳು. ಕೂತು ಮೊದಲ ತಂತಿ ಸರಿಮಾಡಿದಳು, ಎರಡನೆಯದು ಸರಿಮಾಡಿದಳು. ಮೂರನೆಯದಕ್ಕೆ ಬಂದಾಗ ನನ್ನ ಕಡೆ ತಿರುಗಿದಳು.

"ಪುಟ್ಟಿ, ನನ್ನ ಮೂರರಲ್ಲಿ ಒಂದು ತಂತಿ ನಿಂಗೆ ಕೊಡ್ತೀನಿ. ಬೇಕಾ?"

ಈ ಸಲ ನಾನು ಕುಣಿಯಲಿಲ್ಲ. "ಬೇಕು" ಎಂದೆ.

"ಒಂದು ಸ್ವರ ಇಬ್ರಿಗಾ?" ಅಪ್ಪ ಕಣ್ಣರಳಿಸಿದ. "ಹಂಗೆಲ್ಲಾದ್ರೂ ಇರತ್ತಾ? ಇವ್ಳು ಇಲ್ದೆ ಅವಳ್ದು ಸೇರಲ್ಲ, ಅವ್ಳು ಇಲ್ದೆ ಇವಳ್ದು ಸೇರಲ್ಲ!"

"ಅದಕ್ಕೇ ಕಣಣ್ಣ" ಎಂದಳು ಅತ್ತೆ.

ತಾತ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಅವನು ನಿಯಮ ಮಾಡಿದವನು. ತನ್ನ ನಿಯಮ ಬಳಸಿಕೊಂಡೇ ಮಗಳು ಮದುವೆಯಾದ ಮೇಲೂ ತವರಿಗೆ ಬರುವ ದಾರಿ ಮಾಡಿಕೊಂಡಳು ಎಂಬುದು ಎಲ್ಲರಿಗಿಂತ ಮೊದಲು ಅವನಿಗೆ ಹೊಳೆದಿತ್ತು. ನಾನು ಕೀಲಿ ಹಿಡಿದೆ. ಬೆವರಿದ ಕೈಯಲ್ಲಿ ಅದು ಜಾರುತ್ತಿತ್ತು. ತಿರುಗಿಸಿದೆ, ಹೆಚ್ಚಾಯಿತು, ಇಳಿಸಿದೆ, ಕಡಿಮೆಯಾಯಿತು. ಅನ್ನ ಆರಿತು, ಸಾರು ಆರಿತು, ಅಣ್ಣ ಹಸಿವು ಹಸಿವು ಎಂದು ಅರಚಿದ. ಕೊನೆಗೂ ಮೂರು ತಂತಿಗಳು ಒಂದಾದಾಗ ಗೋಡೆಯ ಆಚೆಯಿಂದ, "ಅಬ್ಬಾ, ಶಿವನೇ!" ಎಂಬ ಉದ್ಗಾರ ಕೇಳಿಸಿತು. ಅತ್ತೆ ಆವತ್ತು ಎರಡು ಚೂರು ಬೆಲ್ಲ ತಿಂದಳು.

ಮದುವೆಯಾದ ಮೇಲೆ ಅವಳು ಶನಿವಾರ ತಪ್ಪಿಸಿದ್ದು ಕಡಿಮೆ. ಅವಳ ಅತ್ತೆ ಮೊದಮೊದಲು ಗೊಣಗಿದರಂತೆ. "ತಂತಿ ಇದೆ, ಹೋಗ್ಲೇಬೇಕು" ಎಂದು ಅವಳು ಸೀರೆ ಕೊಡವಿಕೊಂಡು ಹೊರಡುತ್ತಿದ್ದಳು. ಸ್ವಲ್ಪ ದಿನಕ್ಕೆ ಇನ್ನಾಸಪ್ಪ ಮಾವನೂ ಬೆನ್ನು ಹತ್ತಿದ. ಅವನಿಗೆ ಶ್ರುತಿಯ ಗಂಧವೂ ಇರಲಿಲ್ಲ. ಬೆಲ್ಲಕ್ಕೆ ಬರುತ್ತಿದ್ದ. ಬಸ್ಸು ತಡವಾದರೆ ನಾನು ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದೆ. ತಿರುವಿನಲ್ಲಿ ಅವಳ ಸೆರಗು ಕಾಣಿಸಿದ ಕೂಡಲೇ ಒಳಗೆ ಓಡಿ, "ಮೇಲಿನ ಸ ಬಂತು!" ಎಂದು ಕೂಗುತ್ತಿದ್ದೆ. ಕಾಯುವುದೂ ಒಂದು ಸುಖ ಎಂಬುದನ್ನು ಕಲಿತದ್ದು ಆ ಜಗಲಿಯಲ್ಲೇ.

ದೊಡ್ಡವಳಾದ ಮೇಲೆ ಡಲ್ಸಿಮರ್ ಎಂಬ ಪದವನ್ನು ನಿಘಂಟುಗಳಲ್ಲಿ ಹುಡುಕಿದೆ. ಸಿಹಿ ಹಾಡು ಎಂಬ ಅರ್ಥ ಇದೆ. ಸ್ವಾಮಿಗಳು ಸುಳ್ಳು ಹೇಳಿರಲಿಲ್ಲ. ತೊಡೆಯ ಮೇಲಿಟ್ಟು ಬೆರಳಿನಿಂದ ಮೀಟುವ, ಬೇರೆಯೇ ಆಕಾರದ ಇನ್ನೊಂದು ವಾದ್ಯವನ್ನೂ ದೂರದೇಶದ ಬೆಟ್ಟಗಾಡಿನ ಜನ ಇದೇ ಹೆಸರಿನಿಂದ ಕರೆಯುತ್ತಾರಂತೆ. ಇನ್ನೂ ಒಂದು ಕಡೆ, ನಮ್ಮ ಧರ್ಮಗ್ರಂಥವನ್ನು ಬಹಳ ಹಿಂದೆ ಇಂ‌ಗ್ಲಿಷಿಗೆ ಅನುವಾದ ಮಾಡಿದವರು ತಮಗೆ ಸರಿಯಾಗಿ ತಿಳಿಯದ ಒಂದು ಪುರಾತನ ಪದಕ್ಕೆ ಈ ಹೆಸರನ್ನು ಅಂಟಿಸಿಬಿಟ್ಟಿದ್ದರು ಎಂದು ಓದಿದೆ. ಆ ಮೂಲ ಪದಕ್ಕೆ ಒಟ್ಟಿಗೆ ನುಡಿಯುವುದು ಎಂದು ಅರ್ಥವಂತೆ. ಅದು ಅನುವಾದಕರ ತಪ್ಪು ಎಂದು ಪಂಡಿತರು ಬರೆದಿದ್ದರು. ನಮ್ಮ ಮನೆಯಲ್ಲಿ ಬೆಳೆದವಳಿಗೆ ಅದು ತಪ್ಪು ಅನ್ನಿಸಲಿಲ್ಲ.

ಈಗ ನಾನೂ ಶ್ರೀರಾಂಪುರದವಳೇ. ಹೊಲಗಳೆಲ್ಲ ಲೇಔಟ್ ಆಗಿವೆ. ಅತ್ತೆಯ ಮನೆಗೂ ನನ್ನ ಮನೆಗೂ ನಡುವೆ ಎರಡೇ ಬೀದಿ. ವಾದ್ಯ ನನ್ನ ಮನೆಯಲ್ಲಿದೆ. ಶನಿವಾರ ಅಣ್ಣನ ಮಕ್ಕಳು, ಅತ್ತೆಯ ಮಕ್ಕಳು ಬರುತ್ತಾರೆ. ತಾತನ ಸ್ವರಗಳು, ಅಪ್ಪ ಅಮ್ಮನ ಸ್ವರಗಳು ಯಾರ‍್ಯಾರ ಕೈಗೆ ಹೋಗಬೇಕೋ, ಕೇಳಿಯೇ ಹೋಗಿವೆ. ಅಜ್ಜಿಯ ತಂತಿಗೆ ಈಗಲೂ ಎಡಗೈ. ಅತ್ತೆಗೆ ಕಿವಿ ಮಂದ. ಸಕ್ಕರೆ ಕಾಯಿಲೆಯೂ ಇದೆ. ಕಿವಿ ಹೋದದ್ದಕ್ಕೆ ಅವಳಿಗೆ ಬೇಸರವಿಲ್ಲ, ಬೆಲ್ಲ ಕಡಿಮೆಯಾದದ್ದಕ್ಕೆ ಇದೆ. ಕೀಲಿ ತಿರುಗಿಸಿ, ಬೆರಳ ತುದಿಯನ್ನು ಮರದ ಮೇಲಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅಲೆ ನಿಂತದ್ದು ಈಗ ಅವಳಿಗೆ ತಿಳಿಯುವುದು ಬೆರಳಿನಿಂದಲೇ.

ಮೊನ್ನೆಯ ಶನಿವಾರ ಅಣ್ಣನ ಮೊಮ್ಮಗಳು ರಿಯಾ ಬಂದಿದ್ದಳು. ಅವಳಿಗೆ ಇದೇ ವರ್ಷ ಪ್ರಥಮ ಪರಮಪ್ರಸಾದ ಆಯಿತು. ತಟ್ಟೆ ಹಿಡಿದುಕೊಂಡು ನಿಂತಿದ್ದವಳು ಬೆಲ್ಲ ಹಂಚುವುದನ್ನು ಮರೆತು ನಮ್ಮಿಬ್ಬರ ಕೈಯನ್ನೇ ನೋಡುತ್ತಿದ್ದಳು. ಅಣ್ಣ ಅಪ್ಪನ ಮಗನೇ ತಾನೇ, ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣಿನಲ್ಲೇ ಗದರಿದೆ. ಅತ್ತೆ ಎರಡನೆಯ ತಂತಿಯ ಮೇಲಿದ್ದ ಕೀಲಿಯನ್ನು ತೆಗೆಯಲಿಲ್ಲ, ಅಲ್ಲೇ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು.

"ಏ ಕೂಸೇ, ಇದು ನಂದು. ನಿಂಗೆ ಕೊಡ್ತೀನಿ. ಬೇಕಾ?"

"ಬೇಕು" ಎಂದಳು ರಿಯಾ, ಪ್ರಶ್ನೆ ಮುಗಿಯುವುದರೊಳಗೆ.

"ಮೂರು ಜನಾನೂ ಬಂದ್ರೇನೇ ನುಡಿಯತ್ತೆ ಇದು. ಶನಿವಾರ ತಪ್ಪಿಸ್ಕೊಳ್ಳೋ ಹಂಗಿಲ್ಲ."

ರಿಯಾ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕೂತಳು. ಅವಳು ತಿರುಗಿಸಿದಳು, ಹೆಚ್ಚಾಯಿತು, ಇಳಿಸಿದಳು, ಕಡಿಮೆಯಾಯಿತು. ಅತ್ತೆ ಮರದ ಮೇಲೆ ಬೆರಳಿಟ್ಟುಕೊಂಡು ಕಾದಳು. ನಾವೆಲ್ಲ ಕಾದೆವು. ಆಮೇಲೆ, ಕಣ್ಣು ಮುಚ್ಚಿಕೊಂಡೇ, ಲೂರ್ದತ್ತೆ ಬೆಲ್ಲಕ್ಕಾಗಿ ಬಾಯಿ ತೆರೆದಳು.